ಅತ್ತೆಯ ಪಿತ್ತಕೋಶಕ್ಕೊಂದು ದರಪಟ್ಟಿ

ಅಬುಧಾಬಿಯ ಆ ಆಸ್ಪತ್ರೆಗೆ ನೀವು ಹೋದರೆ ಬಿಲ್ಲಿಂಗ್ ಕೌಂಟರಿನ ಬಲಗಡೆಯ ಗೋಡೆಯಲ್ಲಿ ಒಂದು ದೊಡ್ಡ ಫಲಕ ಕಾಣುತ್ತದೆ. ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ದಿರ್ಹಮ್, ಆ ದಿರ್ಹಮಿನೊಳಗೆ ಏನೇನು ಸೇರಿದೆ, ಏನು ಸೇರಿಲ್ಲ ಎಂಬುದೆಲ್ಲ ಅದರಲ್ಲಿ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನು ಅಲ್ಲಿ ಹಾಕಿಸಿದವನು ನಾನು. ಬುರ್ಜ್ ಖಲೀಫಾ ಕಟ್ಟಿದವರ ಹತ್ತಿರ ಸಾವಿರಾರು ಆಳುಗಳಿದ್ದರು, ಆಕಾಶ ಮುಟ್ಟುವ ಕ್ರೇನುಗಳಿದ್ದವು. ನನ್ನ ಹತ್ತಿರ ಇದ್ದದ್ದು ಒಬ್ಬ ಅತ್ತೆ ಮತ್ತು ಮೂರು ಅರಬ್ಬಿ ಶಬ್ದ. ಯಾವುದು ದೊಡ್ಡ ಕೆಲಸವೆಂದು ನೀವೇ ತೀರ್ಮಾನಿಸಿ. ಆಸ್ಪತ್ರೆಯ ಹೆಸರು ಮಾತ್ರ ಕೇಳಬೇಡಿ. ನಾನು ಬಾಯಿ ಬಿಟ್ಟರೆ ನಾಳೆ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ನನ್ನ ಹೆಸರು ಫಿಡೆಲಿಸ್. ಊರು ಕುಂದಾಪುರದ ಕಡೆ, ಮನೆ ಅಬುಧಾಬಿಯ ಖಾಲಿದಿಯಾದಲ್ಲಿ, ಕೆಲಸ ಒಂದು ದೊಡ್ಡ ಹೋಟೆಲಿನಲ್ಲಿ ಬ್ಯಾಂಕ್ವೆಟ್ ಸೂಪರ್‌ವೈಸರ್. ನಾನು ನಿಂತು ಬಡಿಸದ ಮದುವೆ ಈ ಅಬುಧಾಬಿಯಲ್ಲಿ ನಡೆದಿದ್ದರೆ ಅದು ಮದುವೆಯಲ್ಲ, ಬರೀ ಎರಡು ಸಹಿ.

ಹೋಟೆಲಿನ ಕೆಲಸ ಹೊಟ್ಟೆಪಾಡಿಗೆ. ನನ್ನ ನಿಜವಾದ ಕೀರ್ತಿ ಇರುವುದು ಶುಕ್ರವಾರದ ಪಾಠದಲ್ಲಿ. ಶುಕ್ರವಾರ ಇಲ್ಲಿ ರಜೆ. ನಮ್ಮ ಇಗರ್ಜಿಯ ಪೂಜೆ ಮುಗಿದು, ಅವರ ಜುಮ್ಮಾ ನಮಾಜೂ ಮುಗಿದ ಮೇಲೆ ನಮ್ಮ ಕರಾವಳಿಯವರು ಹತ್ತು ಹನ್ನೆರಡು ಮಂದಿ ನನ್ನ ಫ್ಲ್ಯಾಟಿಗೆ ಚಹಾಕ್ಕೆ ಬರುತ್ತಾರೆ. ಕ್ಯಾರೊಲಿನ್ ಮಾಡುವ ಸಣ್ಣಕ್ಕಿಯ ಕಡುಬಿಗಾಗಿ ಬರುತ್ತಾರೆಂದು ಅವಳು, ಅಂದರೆ ನನ್ನ ಹೆಂಡತಿ, ಹೇಳುತ್ತಾಳೆ. ಸುಳ್ಳು. ಅವರು ಬರುವುದು ನನ್ನ ಪಾಠಕ್ಕೆ. ಒಳ್ಳೆಯ ಪ್ರಜೆಯಾಗುವುದು ಹೇಗೆ ಎಂಬುದು ಪಾಠದ ವಿಷಯ. ಊರಿನ ಮತದಾರರ ಪಟ್ಟಿಗೆ ಇವರಲ್ಲಿ ಅರ್ಧ ಜನರ ಹೆಸರು ಸೇರಿಸಿದ್ದು ನಾನೇ. ಹೊಸ ಕಾಲದ ಗದ್ದಲ ನನ್ನ ಪಾಠದಲ್ಲಿಲ್ಲ, ನಮ್ಮ ಅಜ್ಜಂದಿರ ಕಾಲದ ಮಾತೇ ನನಗೆ ಸಾಕು. ಹಕ್ಕಿನ ಮಾತು ಎತ್ತುವ ಮೊದಲು ನಿನ್ನ ಪಾಲಿನ ಕೆಲಸ ಮಾಡು. ಇದ್ದ ಊರಿನ ಕಾನೂನಿಗೆ ತಲೆಬಾಗು. ನೆರೆಮನೆಯವನು ಮಾಡಬಹುದಾದ್ದಕ್ಕೆ ಸರಕಾರದ ಬಾಗಿಲು ತಟ್ಟಬೇಡ. ಕೊಳ್ಳುವವನು ಬಾಯಿ ಬಿಟ್ಟು ಕೇಳಬೇಕು, ಮಾರುವವನು ಕಣ್ಣಿಗೆ ಕಣ್ಣು ಕೊಟ್ಟು ಹೇಳಬೇಕು, ಸಂತೆ ನಿಂತಿರುವುದು ಅದರ ಮೇಲೆ. ಇಷ್ಟನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತೇನೆಂದರೆ ಎದುರಿನ ಕಟ್ಟಡದ ಪಾರಿವಾಳಗಳೂ ಕಿಟಕಿಗೆ ಬಂದು ಕೂರುತ್ತವೆ.

ಆ ವರ್ಷ, ಎರಡು ಸಾವಿರದ ಹದಿನೈದರ ಜನವರಿ ಕೊನೆಗೆ, ನನ್ನ ಅತ್ತೆ, ಕ್ಯಾರೊಲಿನ್ ತಾಯಿ ಅಪೊಲೊನಿಯಾ, ವಿಸಿಟ್ ವೀಸಾದಲ್ಲಿ ಬಂದಿಳಿದರು. ನನ್ನ ಮಗಳು ಡೆಬೊರಾಳ ಮದುವೆಗೆ. ಮನೆಯಲ್ಲಿ ಎಲ್ಲರಿಗೂ ಅವರು 'ಮಾಯಿ'. ಮದುವೆಯ ಮುನ್ನಾದಿನ ನಮ್ಮಲ್ಲಿ ರೋಸ್ ಎಂಬ ಶಾಸ್ತ್ರವಿದೆ. ಹುಡುಗಿಯ ತಲೆಗೆ ತೆಂಗಿನ ಹಾಲು ಹಾಕಿ ಹರಸುವುದು. ಆಗ ಹೆಂಗಸರು ವೊವಿಯೊ ಎಂಬ ಮದುವೆ ಹಾಡು ಹಾಡುತ್ತಾರೆ, ಮೊದಲ ಸೊಲ್ಲು ಎತ್ತುವವಳು ಮನೆತನದ ಹಿರಿಯಳೇ ಆಗಬೇಕು. ನಮ್ಮ ಮನೆತನದಲ್ಲಿ ಅದು ಮಾಯಿಯ ಗಂಟಲು. ಅವರು ಸೊಲ್ಲು ಎತ್ತಿದರೆ ಮಲ್ಪೆಯಲ್ಲಿ ದೋಣಿಗಳು ತಾವಾಗಿ ದಡ ಸೇರುತ್ತವೆ. ಇದನ್ನು ಮಾತ್ರ ನಾನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ.

ಬಂದ ವಾರದಲ್ಲೇ ಒಂದು ಭಾನುವಾರ ಮಾಯಿ ಹಂದಿಮಾಂಸದ ಸಾರಿನಲ್ಲಿ ಎರಡು ತಟ್ಟೆ ಸನ್ನ, ಅಂದರೆ ನಮ್ಮ ಮೆತ್ತನೆಯ ಇಡ್ಲಿ, ಅದ್ದಿ ತಿಂದರು. ರಾತ್ರಿ ಊಟ ಇನ್ನೂ ಆಗಿರಲಿಲ್ಲ, ಪಕ್ಕೆ ಹಿಡಿದು ಬಗ್ಗಿದರು. ಡಾಕ್ಟರು ಸ್ಕ್ಯಾನ್ ಮಾಡಿ ನೋಡಿದರು. ಪಿತ್ತಕೋಶದಲ್ಲಿ ಕಲ್ಲು. ಕಲ್ಲೆಂದರೆ ಎಂಥ ಕಲ್ಲು! ಜೆಬೆಲ್ ಅಲಿ ಬಂದರಿಗೆ ಸಮುದ್ರ ತುಂಬಿಸಲು ತಂದು ಮಿಕ್ಕಿದ್ದನ್ನೆಲ್ಲ ನನ್ನ ಅತ್ತೆಯ ಹೊಟ್ಟೆಗೆ ಸುರಿದಂತಿತ್ತು.

"ಈಗ ಅವಸರದ ಸ್ಥಿತಿ ಅಲ್ಲ," ಎಂದರು ಡಾಕ್ಟರು. "ಆದರೆ ತಡ ಮಾಡಬೇಡಿ, ಸೋಂಕಾದರೆ ಕಷ್ಟ. ಸಣ್ಣ ತೂತಿನ ಆಪರೇಷನ್. ವಾರದೊಳಗೆ ಓಡಾಡ್ತಾರೆ."

"ಹಾಡಬಹುದಾ ಡಾಕ್ಟ್ರೇ?" ಎಂದಳು ಕ್ಯಾರೊಲಿನ್.

"ಹಾಡಲಿ, ಕುಣಿಯುವುದು ಬೇಡ."

"ಎಷ್ಟಾಗ್ತದೆ?"

"ಅದು ನನಗೆ ಗೊತ್ತಿಲ್ಲಮ್ಮ. ಕೌಂಟರಿನಲ್ಲಿ ಕೇಳಿ."

ಕೌಂಟರಿನಲ್ಲಿದ್ದವನು ರೇಮಂಡ್, ಮೂಡಬಿದಿರೆಯ ಹುಡುಗ, ನಮ್ಮ ಇಗರ್ಜಿಯ ಕೊಯರಿನಲ್ಲಿ ಗಿಟಾರು ಬಾರಿಸುವವನು. ಅವನು ಕಂಪ್ಯೂಟರು ನೋಡಿದ, ಮಾಯಿಯನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ.

"ಇನ್ಶೂರೆನ್ಸ್ ಇಲ್ವಲ್ಲ ಆಂಟಿ. ಕ್ಯಾಶ್ ಪೇಷಂಟ್. ಡಿಪಾಸಿಟ್ ಇಪ್ಪತ್ತು ಸಾವಿರ ಕಟ್ಟಿ. ಡಿಸ್ಚಾರ್ಜ್ ದಿವಸ ಫೈನಲ್ ಬಿಲ್."

"ಇಪ್ಪತ್ತರಲ್ಲಿ ಮುಗೀತದಾ?"

"ಮುಗೀಬಹುದು. ನಲವತ್ತೂ ಆಗಬಹುದು. ಪೇಷಂಟ್ ಮೇಲೆ ಡಿಪೆಂಡ್."

ಮಾಯಿ ಮುಂದೆ ಬಗ್ಗಿದರು. "ಪುತಾ, ಪೇಷಂಟ್ ನಾನೇ. ಇಲ್ಲೇ ನಿಂತಿದ್ದೇನೆ. ನೋಡಿ ಹೇಳು."

ರೇಮಂಡ್ ಕೆಂಪಗಾದ.

ಮನೆಗೆ ಬಂದು ಕ್ಯಾರೊಲಿನ್ ಚೀಲವನ್ನು ಸೋಫಾಕ್ಕೆ ಎಸೆದಳು. "ಮದುವೆಯ ಹಾಲ್, ಊಟ, ಬಂಗಾರ ಎಲ್ಲ ಆಗಿ ಕೈಯಲ್ಲಿ ಉಳಿದದ್ದು ನಮಗೆ ಗೊತ್ತುಂಟು. ಇಪ್ಪತ್ತಾದ್ರೆ ಹೇಗಾದ್ರೂ ಮಾಡುವ. ನಲವತ್ತಾದ್ರೆ ಎಲ್ಲಿಂದ? ತಲೆ ಕೆಳಗೆ ಮಾಡಿ ಬಾವಿಗೆ ಹಾರು, ಆಳ ಆಮೇಲೆ ಹೇಳ್ತೇವೆ ಅಂತಾರೆ. ಬೇಡ. ಮಾಯಿಗೆ ಮಂಗಳೂರಿಗೆ ಟಿಕೆಟ್ ಮಾಡುವ. ಅಲ್ಲಿ ಆಪರೇಷನ್ ಮಾಡಿಸಲಿ."

"ಮತ್ತೆ ರೋಸ್?" ಎಂದರು ಮಾಯಿ.

ಮದುವೆಯನ್ನು ಮುಂದೆ ಹಾಕುವಂತಿರಲಿಲ್ಲ. ಫೆಬ್ರವರಿ ನಡುವಿಗೆ ತಪಸ್ಸುಕಾಲ ಶುರು, ಆಮೇಲೆ ಪಾಸ್ಖ ಹಬ್ಬದವರೆಗೆ, ಅಂದರೆ ಈಸ್ಟರಿನವರೆಗೆ, ನಮ್ಮಲ್ಲಿ ಮದುವೆಯಿಲ್ಲ. ಮದುಮಗ ಆಲ್ವಿನ್ ಹಡಗಿನವನು, ಪಾಸ್ಖಕ್ಕೆ ಮೊದಲೇ ಅವನು ಸಮುದ್ರದ ನಡುವೆ ಇರುತ್ತಿದ್ದ. ಅಬುಧಾಬಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು, ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

"ನೋ ಮಾಯಿ, ನೋ ರೋಸ್," ಎಂದಳು. "ಯೂಟ್ಯೂಬ್ ಹಾಕಿ ತೆಂಗಿನ ಹಾಲು ಸುರಿಸ್ಕೊಳ್ಳೋಕೆ ನಾನು ರೆಡಿ ಇಲ್ಲ. ಐ ಮೀನ್ ಇಟ್, ಪಪ್ಪಾ."

ಎಲ್ಲರೂ ನನ್ನ ಮುಖ ನೋಡಿದರು. ಸಹಜ. ಕಷ್ಟ ಬಂದಾಗ ಜನ ಬೆಟ್ಟವನ್ನು ನೋಡುತ್ತಾರೆ.

ನಾನು ಮರುದಿನವೇ ದಂಡಯಾತ್ರೆ ಹೊರಟೆ. ಹೋಟೆಲಿನ ಕಪ್ಪು ಸೂಟು, ಬೋ ಟೈ, ಬೆಳ್ಳಿಯ ಕಫ್‌ಲಿಂಕು. ನನ್ನ ಗೆಳೆಯ ನೂರುದ್ದೀನ್, ಭಟ್ಕಳದವನು, ಬಟ್ಟೆ ವ್ಯಾಪಾರಿ, ತನ್ನ ಲ್ಯಾಂಡ್ ಕ್ರೂಸರನ್ನು ಕೊಟ್ಟ. ಮಾಯಿಯನ್ನು ಹಿಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂರಿಸಿದೆ. ಗಲ್ಫಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಗೊತ್ತಿರುವ ಒಂದೇ ಮಂತ್ರ ಏನೆಂದರೆ, ದೊಡ್ಡವನಂತೆ ಹೋದರೆ ಕೆಲಸ ಬೇಗ ಆಗುತ್ತದೆ. ನಾನು ಆ ಕೌಂಟರಿನ ಮುಂದೆ ನಿಂತು, ನನ್ನ ಸ್ವರ ಮೇಲಿನ ಮಹಡಿಯ ಹೆರಿಗೆ ವಾರ್ಡಿಗೂ ಕೇಳುವಂತೆ ಹೇಳಿದೆ: "ದುಡ್ಡಿನ ಚಿಂತೆ ಇಲ್ಲ. ಬೆಲೆ ಎಷ್ಟು ಹೇಳಿ."

ರೇಮಂಡ್ ಪಕ್ಕದಲ್ಲಿದ್ದ ಹಿರಿಯ ಗುಮಾಸ್ತನ ಮುಖ ಅರಳಿತು. ಅವನು ಬಣ್ಣದ ಒಂದು ಪುಸ್ತಿಕೆ ತೆಗೆದ. ವಿಐಪಿ ಸೂಟ್, ಸೋಫಾ, ಹೂಗುಚ್ಛ, ನೋಡಲು ಬಂದವರಿಗೆ ಕಾಫಿ. ಹಾಗಾದರೆ ಮೂವತ್ತರಿಂದ ಅರವತ್ತು ಸಾವಿರದ ನಡುವೆ ಎಲ್ಲಾದರೂ ನಿಲ್ಲಬಹುದು, ಸರ್.

ಲಿಫ್ಟಿನ ಬಾಗಿಲು ಮುಚ್ಚುವವರೆಗೆ ಮಾಯಿ ತಡೆದುಕೊಂಡರು. ಆಮೇಲೆ ಬಾಯಿ ತೆರೆದರು. ಅವರ ಕೊಂಕಣಿಯಲ್ಲಿ ಅಳಿಯನಿಗೆ ಜಾಂವಯ್ ಎನ್ನುತ್ತಾರೆ.

"ಜಾಂವಯ್, ಮೀನು ಮಾರ್ಕೆಟಿಗೆ ಹೋಗುವಾಗ ಬಂಗಾರದ ಸರ ಯಾರಾದ್ರೂ ಹಾಕಿಕೊಂಡು ಹೋಗ್ತಾರಾ? ನೀವು ಬೋ ಟೈ ಹಾಕಿ ಹೋಗಿ ನನ್ನ ರೇಟು ಹೆಚ್ಚು ಮಾಡಿ ಬಂದ್ರಿ."

"ಶತ್ರುವಿನ ಬಲ ಎಷ್ಟು ಅಂತ ಅಳೆಯಲಿಕ್ಕೆ ಹೋದದ್ದು ಮಾಯಿ," ಎಂದೆ. ಅದು ನಿಜವೇ. ನನ್ನ ಯೋಜನೆಗಳು ಕೆಲವೊಮ್ಮೆ ನನಗೇ ತಡವಾಗಿ ತಿಳಿಯುತ್ತವೆ.

ಆ ಶುಕ್ರವಾರ ಬೆಳಿಗ್ಗೆ ಮಾಯಿಗೆ ನೋವಿರಲಿಲ್ಲ. ಮೀನು ನೋಡಬೇಕು ಎಂದರು. ಬಂದರಿನ ಬಳಿಯ ಮೀನು ಮಾರ್ಕೆಟಿಗೆ ಕರೆದುಕೊಂಡು ಹೋದೆ. ಮಾಯಿ ಹಳೇ ನೈಟಿಯ ಮೇಲೆ ಒಂದು ಶಾಲು ಹೊದ್ದು, ಬಳೆಗಳನ್ನೂ ಕಳಚಿಟ್ಟು ಬಂದಿದ್ದರು. ಒಂದು ಅಂಜಲಿನ ಕಿವಿರು ಎತ್ತಿ ನೋಡಿದರು, ಮೂಗು ಮುರಿದರು, ಮೂರು ಹೆಜ್ಜೆ ನಡೆದರು, ಮಾರುವವನು ಹಿಂದಿನಿಂದ ಕರೆದ, ತಿರುಗಿ ಬಂದರು. ಭಾಷೆ ಯಾವುದು ಎಂದು ಕೇಳಬೇಡಿ, ಅವನು ಬಂಗಾಳಿ, ಇವರು ಕೊಂಕಣಿ. ವ್ಯಾಪಾರ ಕುದುರಿತು.

ಅಲ್ಲಿ ಮೀನು ಕೊಂಡ ಮೇಲೆ ಕೊಯ್ಯಿಸಲು ಬೇರೆ ಕೌಂಟರಿಗೆ ಹೋಗಬೇಕು. ಆ ಕೌಂಟರಿನ ತಲೆಯ ಮೇಲೆ ಒಂದು ಬೋರ್ಡು. ಬರೀ ಹೊಟ್ಟೆ ತೆಗೆದು ಶುಚಿ ಮಾಡಲು ಕಿಲೋಗೆ ಇಷ್ಟು, ತುಂಡು ಮಾಡಲು ಇಷ್ಟು, ಮುಳ್ಳು ಬಿಡಿಸಲು ಇಷ್ಟು.

"ಅದರಲ್ಲಿ ಎಂತ ಬರೆದಿದ್ದಾರೆ?" ಎಂದರು ಮಾಯಿ.

ಓದಿ ಹೇಳಿದೆ.

ಮಾಯಿ ಚೀಲವನ್ನು ಕೆಳಗಿಟ್ಟು, ಸೊಂಟಕ್ಕೆ ಕೈಯಿಟ್ಟು ಬೋರ್ಡನ್ನೇ ನೋಡಿದರು. "ಅಂಜಲನ್ನು ಕೊಯ್ಯಲಿಕ್ಕೆ ಬೋರ್ಡು ಉಂಟು. ಅಪೊಲೊನಿಯಾಳನ್ನು ಕೊಯ್ಯಲಿಕ್ಕೆ ಇಲ್ವಾ?"

ಇದು ನನ್ನ ನಾಲಗೆಯ ತುದಿಗೆ ಬಂದು ನಿಂತಿದ್ದ ಮಾತು. ಅವರು ಒಂದು ಕ್ಷಣ ಮೊದಲು ಕದ್ದು ಹೇಳಿದರು. ಆದರೂ ನನ್ನ ಮಿದುಳು ಆಗ ಹೇಗೆ ಹೊತ್ತಿಕೊಂಡಿತೆಂದರೆ ಪಕ್ಕದ ಐಸ್ ಪೆಟ್ಟಿಗೆಗಳು ಕರಗಿದವು.

ಯಾಕೆಂದರೆ ನಾನು ಮೂವತ್ತು ವರ್ಷದಿಂದ ಮಾಡುತ್ತಿರುವುದೂ ಅದೇ ತಾನೇ! ಬ್ಯಾಂಕ್ವೆಟಿನಲ್ಲಿ ಗಿರಾಕಿ ಬಂದು ಐನೂರು ಜನರ ಊಟ ಎಂದರೆ, 'ಮಾಡಿ ನೋಡುವ, ಕೈ ತೊಳೆದ ಮೇಲೆ ಬಿಲ್ ಹೇಳುವ' ಎನ್ನುತ್ತೇವೆಯೇ? ತಲೆಗೆ ಇಷ್ಟು ಎನ್ನುತ್ತೇವೆ. ಆ ದರದಲ್ಲಿ ಹಾಲ್, ಏಸಿ, ಊಟ, ಬಡಿಸುವವನು, ಕರವಸ್ತ್ರ, ಒಡೆದ ಗ್ಲಾಸು ಎಲ್ಲ ಸೇರಿರುತ್ತದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅವರು ಸಹಿ ಹಾಕುವವರೆಗೆ ಹಾಲ್‌ನ ದೀಪವನ್ನೂ ಹಚ್ಚುವುದಿಲ್ಲ.

ಮಧ್ಯಾಹ್ನದ ಪಾಠದಲ್ಲಿ ಅಂಜಲಿನ ಸಾರು ಉಣ್ಣುತ್ತಾ ವಿಷಯ ತೆಗೆದೆ. ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಕೆಲಸ ಮಾಡುವ ವಿಲ್ಸನ್ ದುಬೈಯಿಂದ ಬಸ್ಸು ಹತ್ತಿ ಬಂದಿದ್ದ. ಅವನಿಗೆ ಯಾವಾಗಲೂ ಬಿಸಿ ರಕ್ತ.

"ಫೇಸ್‌ಬುಕ್ಕಿಗೆ ಹಾಕುವ ಫಿಡೆಲಿಸಣ್ಣ! ಆಸ್ಪತ್ರೆಯ ಹೆಸರು, ಫೋಟೊ, ಎಲ್ಲ. ಮರ್ಯಾದೆ ತೆಗೆಯುವ."

"ತೆಗೆದು ಎಲ್ಲಿಡ್ತಿ ಮಾರಾಯ?" ಎಂದೆ. "ಹೆಸರು ಹಾಕಿ ಬೈದ್ರೆ ಈ ದೇಶದಲ್ಲಿ ಅದಕ್ಕೆ ಕಾನೂನು ಉಂಟು. ನಾವು ಅವರ ಮನೆಗೆ ಬಂದವರು. ಅದೂ ಅಲ್ಲದೆ, ಬೈದವನಿಗೆ ಯಾರು ಬೆಲೆ ಹೇಳ್ತಾರೆ? ಕೇಳಿದವನಿಗೆ ಹೇಳ್ತಾರೆ. ನೀನು ಯಾವತ್ತಾದರೂ ಕೇಳಿದ್ದಿಯಾ? ನಾವೆಲ್ಲ ಬಿಲ್ ಬಂದ ಮೇಲೆ ಅಳುವವರು, ಬರುವ ಮೊದಲು ಕೇಳುವವರಲ್ಲ."

ನೂರುದ್ದೀನ್ ಮುಳ್ಳು ತೆಗೆಯುತ್ತಾ ತಲೆಯೆತ್ತಿದ. "ಫಿಡೆಲಿಸ್ ಭಾಯ್, ನಮ್ಮಲ್ಲಿ ಇದು ಇನ್ನೂ ಖಡಕ್ಕು. ಬೆಲೆ ಇಬ್ಬರಿಗೂ ಗೊತ್ತಿಲ್ದೆ ಮಾಡಿದ ವ್ಯಾಪಾರ ವ್ಯಾಪಾರವೇ ಅಲ್ಲ. ಗರರ್ ಅಂತಾರೆ, ಕತ್ತಲೆಯ ವ್ಯಾಪಾರ. ನಮ್ಮ ಅಬ್ಬ ಭಟ್ಕಳದ ಅಂಗಡಿಯಲ್ಲಿ ಒಂದು ಲುಂಗಿ ಹರೀಬೇಕಾದ್ರೂ ಮೊದಲು ಬೆಲೆ ಹೇಳಿ, ಗಿರಾಕಿ ಹೂಂ ಅಂದ ಮೇಲೆ ಕತ್ತರಿ ಎತ್ತುತ್ತಿದ್ರು."

"ಕತ್ತರಿ ಎತ್ತುವ ಮೊದಲು! ಕೇಳಿದ್ರಾ?" ಎಂದರು ಮಾಯಿ, ಒಳಗಿನಿಂದ.

ಅಲ್ಲಿಗೆ ತೀರ್ಮಾನವಾಯಿತು. ನಾನು ನಮ್ಮ ಹೋಟೆಲಿನ ಹಾಳೆಯ ಮಾದರಿಯಲ್ಲೇ ಒಂದು ಹಾಳೆ ತಯಾರಿಸಿದೆ. ಎಡಗಡೆ ಸರ್ಜನ್, ಅರಿವಳಿಕೆ, ಆಪರೇಷನ್ ಕೋಣೆ, ಒಂದು ರಾತ್ರಿಯ ಹಾಸಿಗೆ, ಔಷಧ, ತೆಗೆದ ಕೋಶದ ಪರೀಕ್ಷೆ. ಬಲಗಡೆ ಖಾಲಿ ಜಾಗ. ಕೆಳಗೆ ಒಂದು ಸಾಲು: 'ಒಂದು ದಿನ ಹೆಚ್ಚು ಉಳಿಯಬೇಕಾದರೆ ಎಷ್ಟು?' ಪಾಠದವರಿಗೆ ಒಂದು ಕಟ್ಟಪ್ಪಣೆ ಕೊಟ್ಟೆ. ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಬರುವವರು ಬನ್ನಿ. ಆದರೆ ನಿಜವಾದ ನೋವಿಲ್ಲದವನು ಬರಬೇಡ. ಸುಳ್ಳು ಕಾಯಿಲೆ ಹೇಳಬೇಡ. ಟೋಕನ್ ತೆಗೆದುಕೊ, ಕುಳಿತುಕೊ, ನಿನ್ನ ಸರದಿ ಬಂದಾಗ ನಗುತ್ತಾ ಕೇಳು. ಸ್ವರ ಏರಿಸಿದವನಿಗೆ ಮುಂದಿನ ಶುಕ್ರವಾರ ಕಡುಬಿಲ್ಲ.

ಭಾನುವಾರ ಇಲ್ಲಿ ವಾರದ ಮೊದಲ ಕೆಲಸದ ದಿನ. ಆ ಬೆಳಿಗ್ಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಸೇನೆಯೇ ನೆರೆದಿತ್ತು. ಮುನ್ನೂರು ಜನ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹನ್ನೊಂದು ಎಂದು ಕ್ಯಾರೊಲಿನ್ ಹೇಳುತ್ತಾಳೆ, ಅವಳು ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಹಾಜರಿ ಕರೆಯುವವಳು, ಅವಳಿಗೆ ಕಲ್ಪನೆ ಕಡಿಮೆ. ಈ ಸಲ ನಾನು ಸಾದಾ ಅಂಗಿ, ಚಪ್ಪಲಿ. ಮಾಯಿ ಬಳೆ ಕಳಚಿದ್ದರು. ಕ್ಯಾರೊಲಿನ್ ಶಾಲೆಗೆ ರಜೆ ಹಾಕಿ ಡೆಬೊರಾಳ ಜೊತೆ ಬಂದಿದ್ದಳು.

ರೇಮಂಡ್ ಗುಂಡಿ ಒತ್ತಿದ. ಮೊದಲ ಟೋಕನ್ ಮಾಯಿಯದು. ಹಾಳೆ ಚಾಚಿದರು. "ಪುತಾ, ಇದರ ಬಲಗಡೆ ತುಂಬಿಸಿ ಕೊಡು. ಅವಸರ ಇಲ್ಲ, ನಾವು ಕೂರ್ತೇವೆ."

ಎರಡನೆಯ ಟೋಕನ್ ನೂರುದ್ದೀನ್. ಅವನ ತಾಯಿ ಜುಬೈದಾರ ಕಣ್ಣಿನ ಪೊರೆ. ಮೂರನೆಯದು ವಿಲ್ಸನ್, ಅವನ ಹರ್ನಿಯಾ. ನಾಲ್ಕನೆಯದು ನಮ್ಮ ಕಟ್ಟಡದ ಲೀಲಮ್ಮ ಟೀಚರ್, ಮೊಣಕಾಲು. ಎಲ್ಲರ ಕೈಯಲ್ಲೂ ನನ್ನ ಹಾಳೆ.

ರೇಮಂಡ್ ಗಾಜಿನಾಚೆಯಿಂದ ನನ್ನನ್ನು ಹುಡುಕಿ ಹಿಡಿದ. "ಅಂಕಲ್, ಎಂತ ಇದು? ಸ್ಟ್ರೈಕಾ?"

"ಛೆ! ಸ್ಟ್ರೈಕ್ ನಮ್ಮ ವಂಶದಲ್ಲೇ ಇಲ್ಲ. ಇವರು ನಿನ್ನ ಗಿರಾಕಿಗಳು."

"ನನ್ನ ಕೆಲಸ ಹೋಗ್ತದೆ ಅಂಕಲ್."

"ಯಾಕೆ ಹೋಗ್ತದೆ? ನಿನ್ನಿಂದ ಆಗದ್ದನ್ನು ಮೇಲೆ ಕಳಿಸು. ಗಿರಾಕಿಗಳು ಬೆಲೆ ಕೇಳ್ತಿದ್ದಾರೆ ಸರ್ ಅನ್ನು. ಅದು ನಿನ್ನ ಧರ್ಮ."

ಅವನು ಹಾಳೆಗಳನ್ನು ಹೊತ್ತು ಒಳಗೆ ಹೋದ. ಬಂದ. ಮತ್ತೆ ಹೋದ. ಅಷ್ಟರಲ್ಲಿ ನಮ್ಮವರಲ್ಲದ ಜನರೂ, ಒಬ್ಬ ಫಿಲಿಪೀನೊ ಹೆಂಗಸು, ಒಬ್ಬ ಪಠಾಣ, ಏನಿದು ಎಂದು ಕೇಳಿ ಒಂದೊಂದು ಹಾಳೆ ಇಸಿದುಕೊಂಡಿದ್ದರು. ಅಲ್ಲಿಗೆ ನನ್ನ ಮುನ್ನೂರು ಸ್ವಲ್ಪ ಹತ್ತಿರವಾಯಿತು, ನೋಡಿ.

ಕೊನೆಗೆ ಮ್ಯಾನೇಜರು ಹೊರಗೆ ಬಂದ, ಟೈ ಸರಿಮಾಡಿಕೊಳ್ಳುತ್ತಾ. "ಮಿಸ್ಟರ್, ಒಬ್ಬೊಬ್ಬ ರೋಗಿ ಒಂದೊಂದು ತರಹ. ಒಬ್ಬರಿಗೆ ಒಂದು ಗಂಟೆ, ಒಬ್ಬರಿಗೆ ಮೂರು ಗಂಟೆ. ಮೊದಲೇ ಬೆಲೆ ಹೇಳುವುದು ಹೇಗೆ?"

ಇಂಥ ಪ್ರಶ್ನೆಗಾಗಿ ನಾನು ಮೂವತ್ತು ವರ್ಷ ಕಾದಿದ್ದೆ.

"ಸರ್, ಮದುವೆಯ ಊಟಕ್ಕೆ ಬಂದವರಲ್ಲಿ ಒಬ್ಬ ಮೂರು ಸಲ ಬಿರಿಯಾನಿ ಹಾಕಿಸಿಕೊಳ್ತಾನೆ. ಒಬ್ಬಳು ಡಯಟ್ ಅಂತ ಸೌತೆಕಾಯಿ ಕಚ್ಚಿ ಎದ್ದು ಹೋಗ್ತಾಳೆ. ನಾನು ತಲೆಗೊಂದು ರೇಟು ಹೇಳುವುದಿಲ್ವಾ? ಐನೂರು ಜನ ಉಂಡದ್ದು ನೋಡಿದವನಿಗೆ ಸರಾಸರಿ ಗೊತ್ತಿರ್ತದೆ. ನೀವು ಎಷ್ಟು ಪಿತ್ತಕೋಶ ತೆಗೆದಿದ್ದೀರಿ? ಸಾವಿರ? ಹಾಗಾದರೆ ಸರಾಸರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು. ಅಪರೂಪಕ್ಕೆ ಕೆಟ್ಟರೆ ಅದಕ್ಕೆ ಎಷ್ಟು ಅಂತ ಬೇರೆ ಸಾಲಿನಲ್ಲಿ ಬರೀರಿ. ನಾವು ಓದಿ ಸಹಿ ಹಾಕ್ತೇವೆ."

ಮ್ಯಾನೇಜರು ಮತ್ತೊಮ್ಮೆ ಟೈ ಸರಿಮಾಡಿಕೊಂಡ. ಅದೇ ಹೊತ್ತಿಗೆ ಪಡಸಾಲೆಯ ಬಾಗಿಲು ತೆರೆದು ಬಿಳಿ ಕಂದೂರ, ಅಂದರೆ ಅರಬ್ಬರ ಉದ್ದಂಗಿ, ತೊಟ್ಟ ಮುದುಕರೊಬ್ಬರು ಕೋಲೂರಿ ಒಳಗೆ ಬಂದರು. ಆಸ್ಪತ್ರೆಯ ಮಾಲೀಕರು. ಅವರ ಹಿಂದೆ ನಡೆದು ಬಂದ ಗಾಳಿಯಲ್ಲೇ ಅತ್ತರಿನ ಮೂರು ಅಂಗಡಿ ಇಡಬಹುದಿತ್ತು. ತಮ್ಮದೇ ಆಸ್ಪತ್ರೆಗೆ ಬಿಪಿ ನೋಡಿಸಿಕೊಳ್ಳಲು ಬಂದವರು, ಇಷ್ಟೊಂದು ಜನ ಹಾಳೆ ಹಿಡಿದು ಮೌನವಾಗಿ ಕುಳಿತದ್ದನ್ನು ಕಂಡು ನಿಂತರು.

ನೂರುದ್ದೀನ್ ಎದ್ದು ಸಲಾಮ್ ಹೇಳಿದ. ಅವನ ಅರಬ್ಬಿ ಚೆನ್ನಾಗಿದೆ, ಬಟ್ಟೆ ಮಾರಿ ಕಲಿತದ್ದು. ಏನು ಹೇಳುತ್ತಿದ್ದನೋ ತಿಳಿಯದು, ಗರರ್ ಎಂಬ ಮಾತು ಎರಡು ಸಲ ಕೇಳಿತು. ಮುದುಕರು ಮ್ಯಾನೇಜರಿನ ಕಡೆ ತಿರುಗಿ ಏನೋ ಕೇಳಿದರು. ಮ್ಯಾನೇಜರು ಏನೋ ಅಂದ. ಮುದುಕರ ಹುಬ್ಬು ಮೇಲೇರಿತು.

"ಏನಂತೆ?" ಎಂದೆ ನೂರುದ್ದೀನನಿಗೆ.

"ಈ ಹೆಂಗಸಿಗೆ ಎಷ್ಟಾಗ್ತದೆ ಅಂತ ಕೇಳಿದ್ರು. ಡಿಪೆಂಡ್ಸ್ ಅಂದ. ನನಗಾದ್ರೆ ಎಷ್ಟು ಅಂತ ಕೇಳಿದ್ರು. ಅದೂ ಡಿಪೆಂಡ್ಸ್ ಅಂದ!"

ಈಗ ನನ್ನ ಸರದಿ ಎಂದು ನನಗೆ ಹೊಳೆಯಿತು. ಇತಿಹಾಸ ನನ್ನನ್ನು ಕರೆಯುತ್ತಿತ್ತು. "ಪಪ್ಪಾ, ಪ್ಲೀಸ್, ಸೀನ್ ಮಾಡಬೇಡಿ," ಎಂದು ಡೆಬೊರಾ ನನ್ನ ತೋಳು ಎಳೆದಳು. ಬಿಡಿಸಿಕೊಂಡು ಮುಂದೆ ಬಂದೆ. ಮೂವತ್ತು ವರ್ಷದಲ್ಲಿ ನಾನು ಕಲಿತ ಅರಬ್ಬಿ ಮೂರೇ ಶಬ್ದ. ಆದರೆ ಅವು ಸಾಲುವಷ್ಟು ದೊಡ್ಡ ಶಬ್ದಗಳು. ಮೊದಲು ಮಾಯಿಯನ್ನು, ಆಮೇಲೆ ಖಾಲಿ ಹಾಳೆಯನ್ನು ತೋರಿಸಿದೆ.

"ಪ್ರೈಸ್ ಮಾಫಿ," ಎಂದೆ, ಕೈಯಾಡಿಸಿ, ಬೆಲೆ ಇಲ್ಲ. "ಆಪರೇಷನ್ ಮಾಫಿ." ಆಮೇಲೆ ಹಾಳೆಯ ಬಲಗಡೆಯ ಮೇಲೆ ಬೆರಳಿನಿಂದ ಬರೆಯುವಂತೆ ಮಾಡಿದೆ. "ಪ್ರೈಸ್ ಬರೆದರೆ, ಯಲ್ಲಾ! ಆಪರೇಷನ್! ಖಲಾಸ್!" ಅಂದರೆ ನಡೆಯಿರಿ, ಮುಗಿಯಿತು.

ಮುದುಕರು ನಗಲು ಶುರುಮಾಡಿದರು. ಕೋಲು ನಡುಗಿತು, ಕಂದೂರ ನಡುಗಿತು. ಅಬುಧಾಬಿಯ ಕಡಲದಂಡೆ ಕಾರ್ನಿಶ್‌ನಲ್ಲಿ ಅಲೆ ಎದ್ದಿತೆಂದು ಆಮೇಲೆ ಕೇಳಿದೆ. ಅವರು ಕಣ್ಣೊರೆಸಿಕೊಳ್ಳುತ್ತಾ ಮಾಯಿಯ ಪಕ್ಕದ ಕುರ್ಚಿಯಲ್ಲಿ ಕುಳಿತರು. ತಮ್ಮ ಬಲಗೈಯ ಮೇಲೆ ಎಡಗೈಯ ಅಂಗಿತೋಳನ್ನು ಎಳೆದು ಮುಚ್ಚಿ ಏನೋ ಹೇಳಿದರು. ನೂರುದ್ದೀನ್ ಕನ್ನಡದಲ್ಲಿ ಬಿಡಿಸಿ ಹೇಳಿದ.

"ಇವರ ತಂದೆ ಮುತ್ತಿನ ವ್ಯಾಪಾರಿ ಅಂತೆ. ಆಗ ಬಟ್ಟೆಯ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳ್ತಿದ್ರಂತೆ, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಆದ್ರೆ ಕೊಳ್ಳುವವನಿಗೆ ಮಾತ್ರ ಹೇಳ್ತಿದ್ರು. ಕೊಳ್ಳುವವನಿಗೇ ಹೇಳದ ಗುಟ್ಟನ್ನು ಇವತ್ತೇ ನೋಡಿದ್ದು ಅಂತಿದ್ದಾರೆ. ಅದೂ ತನ್ನ ಆಸ್ಪತ್ರೆಯಲ್ಲಿ."

ಮಾಯಿ ಆ ಮುದುಕರ ಕೈಯನ್ನು ನೋಡಿದರು, ತಮ್ಮ ಕೈಯಿಂದ ಹಾಳೆಯನ್ನು ಅವರ ಮೊಣಕಾಲಿನ ಮೇಲೆ ಇಟ್ಟರು. ಅಲ್ಲಿ ಭಾಷೆ ಬೇಕಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಳೆಯ ಬಲಗಡೆ ತುಂಬಿ ಬಂತು. ಹನ್ನೆರಡು ಸಾವಿರ, ಎಲ್ಲ ಸೇರಿ. ಒಂದು ದಿನ ಹೆಚ್ಚು ಉಳಿದರೆ ಎಷ್ಟು ಎಂಬುದೂ ಬೇರೆ ಸಾಲಿನಲ್ಲಿ. ಕೆಳಗೆ ಮ್ಯಾನೇಜರಿನ ಸಹಿ, ಆಸ್ಪತ್ರೆಯ ಮುದ್ರೆ. ಕ್ಯಾರೊಲಿನ್ ಅದನ್ನು ಓದಿದಳು, ಮತ್ತೊಮ್ಮೆ ಓದಿದಳು, ಆಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತಳು.

"ಕಡಿಮೆ ಆಯ್ತು ಅಂತ ಅಳುವುದಾ?" ಎಂದೆ.

"ಕಡಿಮೆ ಆಯ್ತು ಅಂತ ಅಲ್ಲ. ಇಷ್ಟು ದಿವಸ ರಾತ್ರಿ ಮಲಗಿದ್ರೆ ನಲವತ್ತು ಅರವತ್ತು ಆಗ್ತಿತ್ತು, ಬೆಳಿಗ್ಗೆ ಎದ್ರೆ ನೂರು ಆಗ್ತಿತ್ತು. ಈಗ ಒಂದು ನಂಬರು ಉಂಟು. ನಂಬರು ಇದ್ರೆ ಬದುಕಬಹುದು ಫಿಡ್ಡಿ."

ಮಾಯಿ ಪೆನ್ನು ಕೇಳಿ ಪಡೆದು, ಹಾಳೆಯ ಕೆಳಗೆ ಸಹಿ ಹಾಕಿದರು. ಊರಿನ ಶಾಲೆಯಲ್ಲಿ ಕಲಿತ ಕನ್ನಡದ ಅಕ್ಷರಗಳಲ್ಲಿ, ಅಂಜಲಿನ ಮುಳ್ಳಿನಷ್ಟು ನೇರವಾಗಿ.

ಆ ವಾರವೇ ಆಪರೇಷನ್ ಆಯಿತು. ಸರ್ಜನ್ ಒಂದು ಡಬ್ಬಿಯಲ್ಲಿ ಕಲ್ಲುಗಳನ್ನು ಕೊಟ್ಟರು. ಎಷ್ಟು ದೊಡ್ಡವು ಎಂದರೆ, ಬೇಡ ಬಿಡಿ, ನೀವು ನಂಬುವುದಿಲ್ಲ. ಮನೆಗೆ ಹೊರಡುವ ದಿನ ರೇಮಂಡ್ ಕೊನೆಯ ಬಿಲ್ಲು ಕೊಟ್ಟ. ಹಾಳೆಯಲ್ಲಿದ್ದ ಅಂಕೆಯೇ, ಒಂದು ಫಿಲ್ಸೂ ಆಚೆ ಈಚೆಯಿಲ್ಲ. ಅವನು ಕೌಂಟರಿನ ಬಲಗಡೆಯ ಗೋಡೆಗೆ ಬೆರಳು ತೋರಿಸಿದ. ಇಬ್ಬರು ಕೆಲಸಗಾರರು ಏಣಿ ಹತ್ತಿ ಒಂದು ಫಲಕ ಬಿಗಿಯುತ್ತಿದ್ದರು. ಮೊದಲ ಸಾಲಿನಲ್ಲೇ ಪಿತ್ತಕೋಶ.

"ಜನ ಈಗ ಕೇಳುವ ಮೊದಲೇ ಓದ್ತಾರೆ ಅಂಕಲ್," ಎಂದ ರೇಮಂಡ್. "ನನ್ನ ಅರ್ಧ ತಲೆನೋವು ಹೋಯ್ತು."

"ಉಳಿದರ್ಧಕ್ಕೆ ಬೆಲೆ ಎಷ್ಟು ಅಂತ ಬೋರ್ಡಿನಲ್ಲಿ ನೋಡು ಪುತಾ," ಎಂದರು ಮಾಯಿ.

ರೋಸ್ ನಡೆದದ್ದು ನೂರುದ್ದೀನನ ಖಲೀಫಾ ಸಿಟಿಯ ವಿಲ್ಲಾದ ಅಂಗಳದಲ್ಲಿ. ನನ್ನ ಫ್ಲ್ಯಾಟಿನಲ್ಲಿ ಅಷ್ಟು ಜನ ಹಿಡಿಸುತ್ತಿರಲಿಲ್ಲ, ಮತ್ತು ಜುಬೈದಾ ತಾಯಿ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿದವರು, ತಮ್ಮ ಅಂಗಳದಲ್ಲೇ ಆಗಬೇಕು ಎಂದು ಹಟ ಹಿಡಿದಿದ್ದರು. ಮರದ ಮಣೆಯ ಮೇಲೆ ಡೆಬೊರಾ ಕುಳಿತಳು. ದೀಪಗಳು, ಮಲ್ಲಿಗೆ, ಹಿತ್ತಾಳೆಯ ತಟ್ಟೆಯಲ್ಲಿ ತೆಂಗಿನ ಹಾಲು. ಹೆಂಗಸರೆಲ್ಲ ಸುತ್ತ ನಿಂತು ಮಾಯಿಯ ಬಾಯಿ ನೋಡಿದರು.

ಮಾಯಿ ಪಕ್ಕೆಯ ಮೇಲೆ ಒಂದು ಕೈಯಿಟ್ಟು ಸೊಲ್ಲು ಎತ್ತಿದರು.

ಏನೆಂದು ಹೇಳಲಿ? ಆ ಸ್ವರ ಖಲೀಫಾ ಸಿಟಿಯ ವಿಲ್ಲಾಗಳ ಮೇಲಿಂದ ಹೋಯಿತು, ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ವಿಮಾನವೊಂದು ಇನ್ನೊಂದು ಸುತ್ತು ಹೊಡೆಯಿತು. ಮೊದಲು ಶಿಲುಬೆಯ ಹೆಸರು, ಆಮೇಲೆ ಹೆತ್ತವರ ಹೆಸರು, ಆಮೇಲೆ ಹುಡುಗಿಗೆ ಹರಕೆ. ಡೆಬೊರಾಳ ತಲೆಯಿಂದ ಹಾಲು ಇಳಿಯುತ್ತಿತ್ತು, ಅವಳ ಕಣ್ಣಿಂದ ನೀರೂ ಇಳಿಯುತ್ತಿತ್ತು, ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಮೊದಲ ಸಲ ಅವಳು ಇಂಗ್ಲಿಷಿನಲ್ಲಿ ಏನೂ ಹೇಳಲಿಲ್ಲ.

ವೊವಿಯೊದ ಕೊನೆಗೆ ಮನೆಯ ಗಂಡಸರನ್ನು ಹಾಸ್ಯ ಮಾಡುವ ಸೊಲ್ಲುಗಳನ್ನು ಅಲ್ಲೇ ಕಟ್ಟಿ ಹಾಡುವುದುಂಟು. ಮಾಯಿ ನನ್ನ ಕಡೆ ತಿರುಗಿದಾಗಲೇ ನನಗೆ ತಿಳಿಯಿತು. ಕೊಂಕಣಿಯಲ್ಲಿ ಹಾಡಿದ್ದನ್ನು ನನ್ನ ಮರ್ಯಾದೆ ಉಳಿಯುವಷ್ಟು ಕನ್ನಡಕ್ಕೆ ತರುತ್ತೇನೆ:

ಬೋ ಟೈ ಕಟ್ಟಿ ಹೋದ ಅಳಿಯ, ಬೆಲೆಗೆ ರೆಕ್ಕೆ ಬಂತು,
ಚಪ್ಪಲಿ ಮೆಟ್ಟಿ ಹೋದ ಅಳಿಯ, ಬೆಲೆ ನೆಲಕ್ಕೆ ಬಂತು,
ಮೂರು ಮಾತಿನ ಪಂಡಿತನಿಗೆ ಊರೇ ಗುರುವಾಯಿತು,
ಕೊಯ್ಯುವ ಮೊದಲು ಕೇಳಿರಮ್ಮ, ಕೊಯ್ದ ಮೇಲೆ ಹೋಯಿತು!

ಕೊನೆಯ ಸಾಲನ್ನು ಅಂಗಳವೆಲ್ಲ ಎತ್ತಿ ಹಾಡಿತು. ಭಟ್ಕಳದ ನವಾಯತಿ ಭಾಷೆ ನಮ್ಮ ಕೊಂಕಣಿಯ ತಂಗಿ, ಅದರಿಂದ ನೂರುದ್ದೀನನಿಗೂ ಅವನ ತಾಯಿಗೂ ಎಲ್ಲ ಅರ್ಥವಾಯಿತು, ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ವಿಲ್ಸನ್ ಸಿಳ್ಳೆ ಹಾಕಿದ. ಕ್ಯಾರೊಲಿನ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಾನು? ನಾನು ಎದ್ದು ನಿಂತು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ. ಹಾಡಿನಲ್ಲಿ ಹೆಸರು ಸೇರುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. "ಇನ್ನೊಂದು ಸಲ ಮಾಯಿ!" ಎಂದು ಕೂಗಿದೆ.

"ಇನ್ನೊಂದು ಸಲಕ್ಕೆ ರೇಟು ಬೇರೆ, ಜಾಂವಯ್," ಎಂದರು ಮಾಯಿ, ಮತ್ತು ಅಂಗಳವೆಲ್ಲ ಉಸಿರು ಬಿಗಿಹಿಡಿದಿರುವಾಗ ಇನ್ನೂ ಎತ್ತರದ ಸ್ವರದಲ್ಲಿ ಹಾಡತೊಡಗಿದರು.